ಬೀಡಿ ಬಿಟ್ಟ ಮೇಲೂ ಕೆಮ್ಮು ಏಕೆ?

ಮೂವತ್ತು ವರ್ಷ ಸೇದಿದ ಬೀಡಿಯನ್ನು ಮನೆಯ ಹಿರಿಯರೊಬ್ಬರು ಬಿಡುತ್ತಾರೆ. ವಾರ ಕಳೆಯುವಷ್ಟರಲ್ಲಿ ಕೆಮ್ಮು, ಕಫ ಮೊದಲಿಗಿಂತ ಹೆಚ್ಚಾಗುತ್ತದೆ. ‘ಸೇದುತ್ತಿದ್ದಾಗಲೇ ಚೆನ್ನಾಗಿದ್ದೆ’ ಎಂದು ಮತ್ತೆ ಬೀಡಿ ಹಚ್ಚುತ್ತಾರೆ. ನಿಮ್ಮ ಮನೆಯಲ್ಲೂ ಹೀಗಾಗಿರಬಹುದು. ಹಾಗಾದರೆ ಈ ಕೆಮ್ಮಿನ ಕಾರಣ ತಿಳಿದಿರಲಿ.

ನಮ್ಮ ಜೀವಕೋಶಗಳು ಬರೀ ನೀರಿನ ಚೀಲಗಳಲ್ಲ. ಚಪ್ಪರಕ್ಕೆ ಗಳಗಳಿರುವಂತೆ ಕೋಶದೊಳಗೂ ಪ್ರೋಟೀನಿನ ಎಳೆ ಮತ್ತು ಕೊಳವೆಗಳ ಹಂದರವಿದೆ. ಕೋಶಕ್ಕೆ ಆಧಾರ, ಆಕಾರ, ಚಲನೆ ಕೊಡುವುದು ಇದೇ. ಈ ಕೊಳವೆಯ ದಪ್ಪ ಒಂದು ಮಿಲಿಮೀಟರಿನ 40 ಸಾವಿರದಲ್ಲೊಂದು ಪಾಲು ಮಾತ್ರ!

ಶ್ವಾಸನಾಳದ ಒಳಪದರದಲ್ಲಿ ಇಂಥ ಕೊಳವೆಗಳೇ ಕೋಶದಿಂದ ಹೊರಚಾಚಿ, ಕೂದಲಿನಂತಹ ಲೋಮಾಂಗಗಳಾಗಿವೆ. ಒಂದೊಂದು ಕೋಶದ ಮೇಲೆ ಸುಮಾರು 200 ಲೋಮಾಂಗಗಳು. ಪ್ರತಿಯೊಂದರ ಅಂಚಿನಲ್ಲಿ 9 ಜೋಡಿ ಕೊಳವೆಗಳು, ನಡುವೆ 2 ಬಿಡಿ ಕೊಳವೆಗಳು. ‘ಡೈನೀನ್’ ಎಂಬ ಪ್ರೋಟೀನು ಒಂದು ಜೋಡಿಯನ್ನು ಪಕ್ಕದ ಜೋಡಿಯ ಮೇಲೆ ಜಾರಿಸಲು ಎಳೆದಾಗ ಲೋಮಾಂಗ ಬಾಗುತ್ತದೆ. ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಬಾರಿ ಹೀಗೆ ಬಡಿಯುವ ಲೋಮಾಂಗಗಳು ಗಾಳಿಗೆ ತೊನೆಯುವ ಪೈರಿನಂತೆ ಅಲೆಯಲೆಯಾಗಿ ಬಾಗಿ, ಧೂಳು, ರೋಗಾಣು ಅಂಟಿದ ಲೋಳೆಯನ್ನು ಗಂಟಲಿನತ್ತ ತಳ್ಳುತ್ತವೆ. ನಮಗರಿವಿಲ್ಲದೆಯೇ ಅದನ್ನು ನುಂಗಿಬಿಡುತ್ತೇವೆ.

ತಂಬಾಕಿನ ಹೊಗೆ ಈ ಬಡಿತವನ್ನು ಕುಂದಿಸುತ್ತದೆ, ಲೋಮಾಂಗಗಳನ್ನು ಮೊಟಕುಗೊಳಿಸುತ್ತದೆ. ವರ್ಷಗಟ್ಟಲೆ ಸೇದಿದರೆ ಅಲ್ಲಲ್ಲಿ ಲೋಮಾಂಗಗಳೇ ಇಲ್ಲದ ಚಪ್ಪಟೆ ಕೋಶಗಳು ಬೆಳೆಯುತ್ತವೆ. ಇತ್ತ ಲೋಳೆಯ ಉತ್ಪತ್ತಿ ಹೆಚ್ಚುತ್ತದೆ. ಗುಡಿಸುವವರಿಲ್ಲದ ಮನೆಯಲ್ಲಿ ಕಸ ಬೆಳೆದಂತೆ ಕಫ ನಿಲ್ಲುತ್ತದೆ.

ಬೀಡಿ ಬಿಟ್ಟೊಡನೆ ಲೋಮಾಂಗಗಳು ಮೆಲ್ಲನೆ ಚೇತರಿಸಿಕೊಂಡು, ನಿಂತ ಕಫವನ್ನು ಮೇಲಕ್ಕೆ ದೂಡತೊಡಗುತ್ತವೆ. ಕೆಲವರಿಗೆ ಕೆಲವು ವಾರ ಕೆಮ್ಮು ಹೆಚ್ಚುವುದು ಇದರಿಂದಲೇ. ಇದು ರೋಗ ಉಲ್ಬಣಿಸಿದ ಲಕ್ಷಣವಲ್ಲ, ಕಸ ಗುಡಿಸುವ ಕೆಲಸ ಮತ್ತೆ ಆರಂಭವಾದ ಸೂಚನೆ. ಆಗ ಬೆಚ್ಚಗಿನ ನೀರು ಸಾಕಷ್ಟು ಕುಡಿಯಿರಿ. ವೈದ್ಯರನ್ನು ಕೇಳದೆ ಕೆಮ್ಮು ಅಡಗಿಸುವ ಸಿರಪ್ ಕುಡಿಯಬೇಡಿ. ‘ಒಂದೇ ಒಂದು’ ಎಂದು ಬೀಡಿ ಹಚ್ಚಲೇಬೇಡಿ.

ಆದರೆ ಎಲ್ಲ ಕೆಮ್ಮೂ ಬೀಡಿ ಬಿಟ್ಟದ್ದರಿಂದಲೇ ಬಂದದ್ದೆಂದು ಸುಮ್ಮನಿರುವುದೂ ತಪ್ಪು. ಕೆಮ್ಮು ಎರಡು ವಾರ ಮೀರಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಕ್ಷಯ ಇದೆಯೇ ಎಂದು ಅಲ್ಲಿ ಉಚಿತವಾಗಿ ನೋಡುತ್ತಾರೆ. ಕಫದಲ್ಲಿ ರಕ್ತ, ಜ್ವರ, ಉಬ್ಬಸ, ತೂಕ ಇಳಿಯುವುದು ಕಂಡರೆ ಎರಡು ವಾರವೂ ಕಾಯದೆ ವೈದ್ಯರಿಗೆ ತೋರಿಸಿ.

ಬೀಡಿ ಬಿಟ್ಟವರು ಮನೆಯಲ್ಲಿ ಕೆಮ್ಮುತ್ತಿದ್ದರೆ ಹಂಗಿಸಬೇಡಿ. ಆ ಕೆಲವು ವಾರ ಅವರಿಗೆ ನಿಮ್ಮ ಧೈರ್ಯದ ಮಾತೇ ಔಷಧ.