ಪ್ರೋಟೀನ್ ನ್ಯಾನೋತಂತಿ ಸಂವೇದಕ

ಪ್ರೋಟೀನ್ ನ್ಯಾನೋತಂತಿ ಸಂವೇದಕವು ಬ್ಯಾಕ್ಟೀರಿಯಾಗಳು ತಯಾರಿಸುವ ವಿದ್ಯುದ್ವಾಹಕ ಪ್ರೋಟೀನ್ ಎಳೆಗಳಿಂದ ರಚಿತವಾದ ಸೂಕ್ಷ್ಮ ಎಲೆಕ್ಟ್ರಾನಿಕ್ ಸಾಧನ. ನಿರ್ದಿಷ್ಟ ರಾಸಾಯನಿಕವೊಂದು ಈ ಎಳೆಗಳಿಗೆ ಅಂಟಿದಾಗ ಅವುಗಳ ವಾಹಕತೆ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದು ರಾಸಾಯನಿಕದ ಇರುವಿಕೆಯನ್ನು ತಿಳಿಯಲಾಗುತ್ತದೆ. ತಂತಿಯೂ ರಾಸಾಯನಿಕವನ್ನು ಗುರುತಿಸುವ ಭಾಗವೂ ಒಂದೇ ವಂಶವಾಹಿಯ ಸೂಚನೆಯಂತೆ ಜೀವಕೋಶದಲ್ಲಿಯೇ ತಯಾರಾಗುವುದು ಇದರ ವಿಶೇಷ.

ಹಿನ್ನೆಲೆ

1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಕಿಣ್ವವನ್ನು ಎಲೆಕ್ಟ್ರೋಡಿನೊಂದಿಗೆ ಸೇರಿಸಿ ಗ್ಲೂಕೋಸನ್ನು ಅಳೆಯುವ ವಿಧಾನವನ್ನು ವಿವರಿಸಿದರು. ಮಧುಮೇಹಿಗಳು ಮನೆಯಲ್ಲಿ ಬಳಸುವ ಗ್ಲೂಕೋಮೀಟರ್ ಇದೇ ತತ್ತ್ವದಿಂದ ಬೆಳೆದು ಬಂದದ್ದು. 2001ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಲೀಬರ್ ಅವರ ತಂಡವು ಸಿಲಿಕಾನ್ ನ್ಯಾನೋತಂತಿಗಳನ್ನು ಸಂವೇದಕಗಳಾಗಿ ಬಳಸಿ ತೋರಿಸಿತು. ತಂತಿ ತೆಳುವಾದಷ್ಟೂ ಅದರ ಮೇಲ್ಮೈಗೆ ತಗುಲಿದ ಅಣುವಿನ ಪ್ರಭಾವ ಒಳಗಿನ ವಿದ್ಯುತ್ ಪ್ರವಾಹದ ಮೇಲೆ ಹೆಚ್ಚಾಗುತ್ತದೆ. ಆದರೆ ಇಂತಹ ತಂತಿಗಳಿಗೆ ಗುರುತಿಸುವ ಅಣುಗಳನ್ನು ಪ್ರತ್ಯೇಕವಾಗಿ ಅಂಟಿಸಬೇಕು. ಈ ಕಾರ್ಯಕ್ಕೆ ಜಟಿಲವಾದ ಪ್ರಕ್ರಿಯೆಗಳೂ ವಿಷಕಾರಿ ರಾಸಾಯನಿಕಗಳೂ ಬೇಕಾಗುತ್ತವೆ.

ಎಳೆಗಳ ಮೂಲ

ಜಿಯೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಕುಲವು ಆಮ್ಲಜನಕವಿಲ್ಲದ ಕೆಸರಿನಲ್ಲಿ ವಾಸಿಸುತ್ತದೆ. ನಾವು ಉಸಿರಾಡುವಾಗ ಆಹಾರದಿಂದ ಬಿಡುಗಡೆಯಾದ ಎಲೆಕ್ಟ್ರಾನುಗಳು ಕೊನೆಗೆ ಆಮ್ಲಜನಕವನ್ನು ಸೇರುತ್ತವೆ. ಈ ಜೀವಿಗಳು ಅವನ್ನು ಕೋಶದ ಹೊರಗಿರುವ ಕಬ್ಬಿಣದ ಆಕ್ಸೈಡಿಗೆ ಸಾಗಿಸುತ್ತವೆ. ಇದರ ಮೊದಲ ಪ್ರಭೇದವನ್ನು ಡೆರೆಕ್ ಲವ್ಲಿ ಅವರು ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ ಕಂಡು 1987ರಲ್ಲಿ ವರದಿ ಮಾಡಿದರು. ಜಿಯೋಬ್ಯಾಕ್ಟರ್ ಸಲ್ಫರ್‌ರೆಡ್ಯೂಸೆನ್ಸ್ ಎಂಬ ಮತ್ತೊಂದು ಪ್ರಭೇದದ ಮೈಮೇಲಿನ, ಪೈಲಿ ಎಂದು ಕರೆಯಲಾಗುವ ರೋಮದಂತಹ ಎಳೆಗಳು ವಿದ್ಯುದ್ವಾಹಕಗಳೆಂದು 2005ರಲ್ಲಿ ಜೆಮ್ಮಾ ರೆಗ್ಯೂರಾ, ಲವ್ಲಿ ಮತ್ತು ಸಂಗಡಿಗರು ಪ್ರಕಟಿಸಿದರು.

ಜೋಡಣೆಯ ಬಗೆ

ಈ ತಂಡದ ವಿವರಣೆಯಂತೆ ಪ್ರತಿಯೊಂದು ಎಳೆಯೂ ಪೈಲಿನ್ ಎಂಬ ಪುಟ್ಟ ಪ್ರೋಟೀನಿನ ಅಸಂಖ್ಯ ಘಟಕಗಳಿಂದಾದದ್ದು. ಒಂದು ಘಟಕದಲ್ಲಿರುವುದು 61 ಅಮೈನೋ ಆಮ್ಲಗಳು ಮಾತ್ರ. ಘಟಕಗಳ ನೀರನ್ನು ದೂರವಿಡುವ ತುದಿಗಳು ಒಂದಕ್ಕೊಂದು ಒತ್ತಿಕೊಂಡು ಸುರುಳಿಯಾಗಿ ಕೂಡುತ್ತವೆ; ಕೋಶಪೊರೆಯಲ್ಲಿರುವ ಒಂದು ಯಂತ್ರವ್ಯವಸ್ಥೆ ಬೆಳೆಯುತ್ತಿರುವ ಎಳೆಯನ್ನು ಹೊರಕ್ಕೆ ತಳ್ಳುತ್ತದೆ. ಎಳೆಯ ದಪ್ಪ ಸುಮಾರು 3 ನ್ಯಾನೋಮೀಟರ್. ಮನುಷ್ಯನ ತಲೆಗೂದಲು ಇದಕ್ಕಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ದಪ್ಪ.

ಆಮ್ಲಜನಕವನ್ನು ದೂರವಿಟ್ಟು ಜಿಯೋಬ್ಯಾಕ್ಟರನ್ನು ಬೆಳೆಸುವುದು ಸುಲಭವಲ್ಲ. ಆದ್ದರಿಂದ 2020ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಪೈಲಿನ್ ವಂಶವಾಹಿಯನ್ನು ಪ್ರಯೋಗಾಲಯಗಳಿಗೆ ಚಿರಪರಿಚಿತವಾದ ಈ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿ ಅದರಿಂದ ವಾಹಕ ಎಳೆಗಳನ್ನು ಪಡೆದರು.

ಸಂವೇದಕದ ರಚನೆ

ಎಳೆಗಳನ್ನು ಕೋಶಗಳಿಂದ ಬೇರ್ಪಡಿಸಿ, ಎಲೆಕ್ಟ್ರೋಡುಗಳ ನಡುವೆ ತೆಳುಪದರವಾಗಿ ಹರಡಲಾಗುತ್ತದೆ. ಗುರುತಿಸುವ ಗುಣವನ್ನು ಕೊಡಲು, ಬೇಕಾದ ರಾಸಾಯನಿಕವನ್ನು ಹಿಡಿದುಕೊಳ್ಳುವ ಕಿರು ಪೆಪ್ಟೈಡಿನ ಸಂಕೇತವನ್ನು ಪೈಲಿನ್ ವಂಶವಾಹಿಗೆ ಮೊದಲೇ ಸೇರಿಸಲಾಗುತ್ತದೆ. ಸೀರೆಯ ಮೇಲೆ ನಂತರ ಕಸೂತಿ ಹಾಕುವುದಕ್ಕೂ ನೇಯುವಾಗಲೇ ಬುಟ್ಟಾ ಮೂಡಿಸುವುದಕ್ಕೂ ಇರುವ ವ್ಯತ್ಯಾಸದಂತೆಯೇ ಇದು: ಪೆಪ್ಟೈಡ್ ಎಳೆಯೊಂದಿಗೇ ರೂಪುಗೊಳ್ಳುತ್ತದೆ.

2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೋನಿಯಾ ಹಿಡಿಯುವ ಪೆಪ್ಟೈಡ್ ಇದ್ದ ಎಳೆಗಳು ಮಾರ್ಪಡಿಸದ ಎಳೆಗಳಿಗಿಂತ ಸುಮಾರು 100 ಪಟ್ಟು ಹೆಚ್ಚು ಪ್ರತಿಕ್ರಿಯೆ ತೋರಿದವು. ಅಸಿಟಿಕ್ ಆಮ್ಲದ ಪೆಪ್ಟೈಡಿನಿಂದ ದೊರೆತ ಹೆಚ್ಚಳ 4 ಪಟ್ಟು. ಮೂತ್ರಪಿಂಡಗಳು ದುರ್ಬಲವಾದಾಗ ರಕ್ತದಲ್ಲಿ ಯೂರಿಯಾ ಸಂಗ್ರಹವಾಗಿ ಉಸಿರಿನಲ್ಲಿ ಅಮೋನಿಯಾ ಹೆಚ್ಚುತ್ತದೆ. ಆದುದರಿಂದ, ಪದೇಪದೇ ಸೂಜಿ ಚುಚ್ಚದೆ ಉಸಿರಿನಿಂದಲೇ ರೋಗಿಯ ಸ್ಥಿತಿಯನ್ನು ಗಮನಿಸುವ ಸಾಧ್ಯತೆ ಈ ಸಂಶೋಧನೆಗೆ ಮಹತ್ವ ತಂದಿದೆ.

ಭಿನ್ನಾಭಿಪ್ರಾಯ

ಜಿಯೋಬ್ಯಾಕ್ಟರಿನ ವಾಹಕ ಎಳೆಗಳು ಯಾವುವು ಎಂಬ ವಿಷಯದಲ್ಲಿಯೇ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. 2019ರಲ್ಲಿ ಎರಡು ತಂಡಗಳು ಶೈತ್ಯ ಎಲೆಕ್ಟ್ರಾನ್ ಸೂಕ್ಷ್ಮದರ್ಶನದ ಮೂಲಕ ಪರೀಕ್ಷಿಸಿದಾಗ, ಪೈಲಿ ಎಂದು ಭಾವಿಸಲಾಗಿದ್ದ ಎಳೆಗಳು ಓಎಂಸಿಎಸ್ ಎಂಬ ಬೇರೆ ಪ್ರೋಟೀನಿನವು ಎಂದು ಕಂಡುಬಂತು. ಅದರ ಪ್ರತಿ ಘಟಕದಲ್ಲಿ 6 ಹೀಮ್ ಗುಂಪುಗಳಿವೆ. ರಕ್ತದ ಹಿಮೋಗ್ಲೋಬಿನ್ನಿನಲ್ಲಿಯೂ ಇರುವ ಈ ಕಬ್ಬಿಣಯುಕ್ತ ಗುಂಪುಗಳು ಎಳೆಯುದ್ದಕ್ಕೂ ಸಾಲಾಗಿ ನಿಂತು ಎಲೆಕ್ಟ್ರಾನುಗಳನ್ನು ದಾಟಿಸುತ್ತವೆ. ಯೇಲ್ ವಿಶ್ವವಿದ್ಯಾಲಯದ ನಿಖಿಲ್ ಮಾಲ್ವಣ್ಕರ್ ಮತ್ತು ಸಂಗಡಿಗರ 2021ರ ಪ್ರಬಂಧದ ಪ್ರಕಾರ, ಪೈಲಿಯ ಕೆಲಸ ವಿದ್ಯುತ್ತನ್ನು ಸಾಗಿಸುವುದಲ್ಲ, ಇಂತಹ ಪ್ರೋಟೀನುಗಳನ್ನು ಕೋಶದಿಂದ ಹೊರಕ್ಕೆ ದೂಡುವುದು. ಲವ್ಲಿ ಅವರ ಪಕ್ಷ ಇದನ್ನು ಒಪ್ಪುವುದಿಲ್ಲ. ಓಎಂಸಿಎಸ್ ವಂಶವಾಹಿಯೇ ಇಲ್ಲದ ಈ. ಕೋಲಿಯಿಂದಲೂ ವಾಹಕ ಎಳೆಗಳು ದೊರೆತಿರುವುದು ಆ ಪಕ್ಷಕ್ಕಿರುವ ಮುಖ್ಯ ಆಧಾರ.

ಅನುಕೂಲಗಳು ಮತ್ತು ಮಿತಿಗಳು

ಈ ಎಳೆಗಳ ತಯಾರಿಕೆಗೆ ನವೀಕರಿಸಬಹುದಾದ ಕಚ್ಚಾವಸ್ತುಗಳು ಸಾಕು, ಮತ್ತು ಬಳಕೆಯ ನಂತರ ಅವು ಜೈವಿಕವಾಗಿ ವಿಘಟನೆ ಹೊಂದಬಲ್ಲವು. ಆದರೆ ಅವು ತೇವಾಂಶಕ್ಕೂ ಪ್ರತಿಕ್ರಿಯಿಸುತ್ತವೆ. ಗಾಳಿಯ ತೇವದಿಂದ ವಿದ್ಯುತ್ ಪಡೆಯಲು ಇದೇ ಬಗೆಯ ಎಳೆಗಳನ್ನು 2020ರಲ್ಲಿ ಬಳಸಲಾಯಿತು. ಉಸಿರು ಸಹಜವಾಗಿಯೇ ತೇವಭರಿತವಾದ್ದರಿಂದ, ತೇವದ ಪ್ರಭಾವವನ್ನು ರಾಸಾಯನಿಕದ ಪ್ರಭಾವದಿಂದ ಬೇರ್ಪಡಿಸುವುದು ವೈದ್ಯಕೀಯ ಬಳಕೆಗೆ ಅತ್ಯಗತ್ಯ.