ಕಂಠ ಒಬ್ಬರದು, ಕುಂದು ಇನ್ನೊಬ್ಬರದು

ಸಂಗೀತಗಾರನೊಬ್ಬನ ಗಾಯನ ಅದ್ಭುತವಾಗಿತ್ತೆಂದು ಕಾದಂಬರಿಕಾರ ಬರೆದರೆ ಓದುಗ ಆ ಮಾತನ್ನು ನಂಬಿ ಮುಂದೆ ಸಾಗುತ್ತಾನೆ. ಆದರೆ ಅದೇ ಕಥೆ ಚಲನಚಿತ್ರವಾದಾಗ ಆ ಗಾಯನ ಚಿತ್ರಮಂದಿರದಲ್ಲಿ ಕೇಳಿಸಲೇಬೇಕಾಗುತ್ತದೆ, ಕೇಳಿಸಿದ್ದು ಅದ್ಭುತವಾಗಿರಲೂ ಬೇಕಾಗುತ್ತದೆ. ಹೀಗಾಗಿ ಸಂಗೀತಗಾರರನ್ನು ಕುರಿತ ಚಿತ್ರಗಳಲ್ಲಿ ಪಾತ್ರದ ಗರ್ವ, ಅಸೂಯೆ, ದುಡುಕುಗಳನ್ನು ನಟನ ದೇಹ ಹೊತ್ತರೆ, ಪ್ರತಿಭೆಯ ಹೊಣೆಯನ್ನು ತೆರೆಯ ಹಿಂದಿರುವ ಬೇರೊಬ್ಬ ವಿದ್ವಾಂಸನ ಕಂಠ ಹೊರುತ್ತದೆ. ಮತ್ತೊಬ್ಬರ ಹಾಡಿಗೆ ನಟನ ತುಟಿಯ ಚಲನೆಯನ್ನು ಹೊಂದಿಸುವ ಈ ಕ್ರಮಕ್ಕೆ ಹಿನ್ನೆಲೆ ಗಾಯನವೆಂದು ಹೆಸರು. ಕಲಾವಿದನ ವಿದ್ಯೆಯನ್ನೂ ಅವನ ಸ್ವಭಾವದೋಷಗಳನ್ನೂ ಬೇರೆಬೇರೆಯಾಗಿ ನೋಡಬೇಕೇ ಎಂಬ ಹಳೆಯ ಚರ್ಚೆ ಇತ್ಯರ್ಥವಾಗುವ ಮೊದಲೇ ಭಾರತೀಯ ಚಿತ್ರರಂಗ ತನ್ನ ತಾಂತ್ರಿಕ ಅನುಕೂಲಕ್ಕಾಗಿ ಅವೆರಡನ್ನೂ ಬೇರ್ಪಡಿಸಿಬಿಟ್ಟಿತ್ತು.

ಇದಕ್ಕೆ ಕನ್ನಡದಲ್ಲಿ ಸಿಗುವ ಅತ್ಯುತ್ತಮ ನಿದರ್ಶನವೆಂದರೆ ತ.ರಾ. ಸುಬ್ಬರಾಯರ ‘ಹಂಸಗೀತೆ’. ಚಿತ್ರದುರ್ಗದ ಸೀಮೆಯಲ್ಲಿ ಬಾಯಿಂದ ಬಾಯಿಗೆ ಹರಿದುಬಂದ ಐತಿಹ್ಯವನ್ನು, ಅಂದರೆ ದಾಖಲೆಗಿಂತ ಜನರ ನೆನಪನ್ನೇ ಹೆಚ್ಚಾಗಿ ಆಧರಿಸಿದ ವೃತ್ತಾಂತವನ್ನು, ಎತ್ತಿಕೊಂಡ ಈ ಕಾದಂಬರಿ, ಭೈರವಿ ರಾಗದಲ್ಲಿ ಹೆಸರಾಗಿದ್ದ ವೆಂಕಟಸುಬ್ಬಯ್ಯನೆಂಬ ಹದಿನೆಂಟನೆಯ ಶತಮಾನದ ಗಾಯಕನ ಕಥೆಯನ್ನು ಹೇಳುತ್ತದೆ. ಅರಸೊತ್ತಿಗೆಯ ಅಪ್ಪಣೆಗೆ ಮಣಿದು ಹಾಡುವುದಕ್ಕಿಂತ ನಾಲಿಗೆಯನ್ನೇ ಕತ್ತರಿಸಿಕೊಂಡವನು ಅವನೆಂಬುದು ಆ ವೃತ್ತಾಂತದ ತಿರುಳು. ಒಂದೇ ಕಾದಂಬರಿಯಿಂದ ಎರಡು ಚಿತ್ರಗಳು ಹುಟ್ಟಿದ್ದು, 1956ರಲ್ಲಿ ಹಿಂದಿಯ ‘ಬಸಂತ್ ಬಹಾರ್’ ತೆರೆಕಂಡರೆ, 1975ರಲ್ಲಿ ಜಿ.ವಿ. ಅಯ್ಯರ್ ಅವರ ಕನ್ನಡದ ‘ಹಂಸಗೀತೆ’ ಬಂದಿತು. ಈ ಎರಡು ಚಿತ್ರಗಳು ನಾಯಕನ ಕುಂದನ್ನು ನಿರ್ವಹಿಸಿದ ಬಗೆ ಪರಸ್ಪರ ವಿರುದ್ಧವಾದುದು.

ಹಿಂದಿಯ ಚಿತ್ರ ನಾಯಕನನ್ನು ಮುಗ್ಧನನ್ನಾಗಿಸಿ, ಸಂಗೀತಗಾರನಲ್ಲಿ ಇರಬಹುದಾದ ಅಸೂಯೆಯನ್ನೆಲ್ಲ ಅವನ ಎದುರಾಳಿಯ ತಲೆಗೆ ಕಟ್ಟಿತು. ಆಸ್ಥಾನದ ಸ್ಪರ್ಧೆಯಲ್ಲಿ ಆ ಎದುರಾಳಿ ಸೋಲಬೇಕು, ಭರತ್ ಭೂಷಣ್ ಅಭಿನಯಿಸಿದ ನಾಯಕ ಗೆಲ್ಲಬೇಕು. ಆದರೆ ಸೋಲುವವನಿಗೆ ಕಂಠ ನೀಡಿದವರು ಗದಗದ ನೆಲದ ಭೀಮಸೇನ ಜೋಶಿ, ಗೆಲ್ಲುವವನಿಗೆ ಕಂಠ ನೀಡಿದವರು ಮನ್ನಾ ಡೇ. ಜೋಶಿಯವರ ಎದುರು ಹಾಡಿ ಗೆಲ್ಲಬೇಕೆಂದು ತಿಳಿದಾಗ ಊರು ಬಿಟ್ಟೇ ಹೋಗೋಣವೆನ್ನಿಸಿತ್ತೆಂದು ಮನ್ನಾ ಡೇ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಕಥೆಯ ತೀರ್ಪು ಏನೇ ಇರಲಿ, ಕಿವಿಯುಳ್ಳ ಕೇಳುಗನ ತೀರ್ಪು ಸೋತವನ ಕಡೆಗೇ ವಾಲುವ ಸಾಧ್ಯತೆ ಆ ದೃಶ್ಯದಲ್ಲಿ ಉಳಿದುಕೊಂಡಿದೆ. ದುಷ್ಟನಲ್ಲೂ ವಿದ್ಯೆ ಇರಬಹುದೆಂಬುದನ್ನು ಚಿತ್ರಕಥೆ ಒಪ್ಪದಿದ್ದರೂ ಧ್ವನಿಪಥ ಒಪ್ಪಿಕೊಂಡಿತು.

ಅಯ್ಯರ್ ಅವರದು ಹೆಚ್ಚು ಕಠಿಣವಾದ ದಾರಿ. ಅನಂತನಾಗ್ ಅಭಿನಯಿಸಿದ ವೆಂಕಟಸುಬ್ಬಯ್ಯನಲ್ಲಿ ವಿದ್ಯಾಮದ, ಅಂದರೆ ತನ್ನ ಕಲಿಕೆಯೇ ತಲೆಗೇರಿದ ಸ್ಥಿತಿ, ಎದ್ದು ಕಾಣುತ್ತದೆ. ಅದನ್ನು ಇಳಿಸಿ ಹಾಕಲು ಖಳನಾಯಕನ ಹೆಗಲು ಅಲ್ಲಿಲ್ಲ. ಗರ್ವ ಕರಗುವ ಪ್ರಕ್ರಿಯೆಯೇ ಕಥೆಯಾಗಿರುವುದರಿಂದ, ನಾಲಿಗೆ ಕತ್ತರಿಸಿಕೊಳ್ಳುವ ಗಳಿಗೆ ಹಳೆಯ ಹಟದ ಮುಂದುವರಿಕೆಯೋ ಅಥವಾ ಅದರಿಂದ ಬಿಡುಗಡೆಯೋ ಎಂಬುದನ್ನು ಪ್ರೇಕ್ಷಕ ತಾನೇ ಯೋಚಿಸಬೇಕಾಗುತ್ತದೆ. ಆ ಪಾತ್ರಕ್ಕೆ ಹಾಡಿದ ಎಂ. ಬಾಲಮುರಳಿಕೃಷ್ಣ ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕರೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು.

ಕೆ. ವಿಶ್ವನಾಥ್ ಅವರ ತೆಲುಗು ಚಿತ್ರಗಳು ಈ ವಿಷಯವನ್ನು ಇನ್ನೊಂದು ದಿಕ್ಕಿನಿಂದ ತೋರಿಸಬಲ್ಲವು. 1980ರ ‘ಶಂಕರಾಭರಣಂ’ ಚಿತ್ರದ ಶಂಕರಶಾಸ್ತ್ರಿಯ ಬಿಗುಮಾನವನ್ನು ಶಾಸ್ತ್ರನಿಷ್ಠೆಯೆಂದು ಗೌರವಿಸಲಾಗಿದೆಯಾದ್ದರಿಂದ ಅಲ್ಲಿ ಪ್ರೇಕ್ಷಕನಿಗೆ ಇಕ್ಕಟ್ಟೇನೂ ಇಲ್ಲ. ಇಕ್ಕಟ್ಟು ತಲೆದೋರುವುದು 1992ರ ‘ಸ್ವಾತಿ ಕಿರಣಂ’ನಲ್ಲಿ. ಮಮ್ಮುಟ್ಟಿ ಅಭಿನಯಿಸಿದ ಗುರು ನಿಜಕ್ಕೂ ದೊಡ್ಡ ವಿದ್ವಾಂಸ, ಜೊತೆಗೆ ತನ್ನ ಮನೆಯಲ್ಲೇ ಬೆಳೆಯುವ ಬಾಲಕನ ಪ್ರತಿಭೆಯನ್ನು ಸಹಿಸಲಾರದವನು. ಆ ಅಸೂಯೆಯ ಪರಿಣಾಮವಾಗಿ ಬಾಲಕ ಪ್ರಾಣವನ್ನೇ ಕಳೆದುಕೊಳ್ಳುತ್ತಾನೆ. ಬಾಲಕನಾಗಿ ನಟಿಸಿದವರು ‘ಮಾಲ್ಗುಡಿ ಡೇಸ್’ನ ಸ್ವಾಮಿಯಾಗಿ ಕನ್ನಡಿಗರ ಮನೆಮಾತಾಗಿದ್ದ ಮಾಸ್ಟರ್ ಮಂಜುನಾಥ್, ಅವರಿಗೆ ಕಂಠ ನೀಡಿ ರಾಷ್ಟ್ರಪ್ರಶಸ್ತಿ ಪಡೆದವರು ವಾಣಿ ಜಯರಾಂ. ಗುರುವಿನ ಅಸೂಯೆ ಅವನ ಅಜ್ಞಾನದಿಂದ ಬಂದದ್ದಲ್ಲ. ಹುಡುಗನ ಹಾಡು ಎಷ್ಟು ದೊಡ್ಡದೆಂಬುದು ಆ ಮನೆಯಲ್ಲಿ ಅವನಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಾಗುವುದರಿಂದಲೇ ಅವನು ಬೇಯುತ್ತಾನೆ. ಇಲ್ಲಿ ಪ್ರತಿಭೆಯೂ ದೋಷವೂ ಒಂದೇ ಬೇರಿನವು, ಆದ್ದರಿಂದ ಬೇರ್ಪಡಿಸುವ ಮಾತು ಸುಲಭವಲ್ಲ.

ಇದೇ ತರ್ಕವನ್ನು ಜಗತ್ತಿಗೆ ಪರಿಚಯಿಸಿದ್ದು ಪೀಟರ್ ಶಾಫರ್ ಅವರ ನಾಟಕವನ್ನು ಆಧರಿಸಿ ಮಿಲೋಷ್ ಫೋರ್ಮನ್ ನಿರ್ದೇಶಿಸಿದ, 1984ರಲ್ಲಿ ತೆರೆಕಂಡು ಎಂಟು ಆಸ್ಕರ್ ಪಡೆದ ‘ಅಮೆಡಿಯಸ್’. ಅದರಲ್ಲಿ ಸಂಗೀತ ರಚನಕಾರ ಮೊಜಾರ್ಟ್ ಅಶ್ಲೀಲ ಮಾತಿನ, ಕೇಕೆ ಹಾಕಿ ನಗುವ ತುಂಟ. ಅವನ ಸಂಗೀತದ ಬೆಲೆ ಪೂರ್ತಿ ತಿಳಿದವನು ಅವನ ವೈರಿ ಸಾಲಿಯೆರಿ. ಆದರೆ ಮೊಜಾರ್ಟನ ಒರಟು ಹಾಸ್ಯಕ್ಕೆ ಅವನದೇ ಪತ್ರಗಳ ಆಧಾರವಿದ್ದರೆ, ಸಾಲಿಯೆರಿ ಅವನ ಸಾವಿಗೆ ಕಾರಣನೆಂಬುದಕ್ಕೆ ಆಧಾರವೇ ಇಲ್ಲ. ಅದು ವಿಯೆನ್ನಾದ ಗಾಳಿಮಾತು. ರಷ್ಯದ ಕವಿ ಪುಷ್ಕಿನ್ ಅದನ್ನು 1830ರಲ್ಲಿ ಪುಟ್ಟ ನಾಟಕವಾಗಿಸಿದ್ದ. ನಿಜದ ಸಾಲಿಯೆರಿ ಬೆಥೋವನ್, ಶೂಬರ್ಟ್‌ರಂತಹ ಶಿಷ್ಯರಿಗೆ ಪಾಠ ಹೇಳಿದವನು. 1952ರ ‘ಬೈಜು ಬಾವ್ರಾ’ದಲ್ಲಿ ತಾನಸೇನನಿಗೂ ಇಂಥದೇ ಗತಿ ಬಂದಿತು: ಅಮೀರ್ ಖಾನ್ ಅವರ ಘನವಾದ ಕಂಠ ಅವನಿಗೆ ದಕ್ಕಿತಾದರೂ, ಡಿ.ವಿ. ಪಲುಸ್ಕರ್ ಕಂಠದ ಬೈಜುವಿನೆದುರು ಸೋಲುವ ಪಾತ್ರವೂ ಅವನ ಪಾಲಿಗೇ ಬಂದಿತು. ಕಲಾವಿದನ ದೋಷವನ್ನು ಕ್ಷಮಿಸಬೇಕೇ ಎಂದು ಕೇಳುವ ಮೊದಲು ಆ ದೋಷ ಅವನದೇ ಹೌದೇ ಎಂದು ವಿಚಾರಿಸುವುದು ನ್ಯಾಯ. ಚಿತ್ರ ನೋಡಿ ಬಂದವರಲ್ಲಿ ಹಾಗೆ ವಿಚಾರಿಸುವವರು ಕಡಿಮೆ.

ಸಾಲಿಯೆರಿಗೆ ಒಂದು ಅನುಕೂಲವಿತ್ತು: ಅವನ ರಚನೆಗಳು ಸ್ವರಲಿಪಿಯಲ್ಲಿ ಉಳಿದಿದ್ದವು. ‘ಅಮೆಡಿಯಸ್’ ಹುಟ್ಟಿಸಿದ ಕುತೂಹಲವೇ ಅವನ ಸಂಗೀತದ ಕಡೆಗೆ ಮತ್ತೆ ಕಿವಿ ತೆರೆಸಿ, 2003ರಲ್ಲಿ ಗಾಯಕಿ ಚೆಚೀಲಿಯಾ ಬಾರ್ಟೋಲಿ ಬರೀ ಅವನ ಗೀತಗಳದೇ ಒಂದು ಧ್ವನಿಮುದ್ರಿಕೆಯನ್ನು ಹೊರತಂದರು. ಧ್ವನಿಮುದ್ರಣವೆಂಬುದೇ ಇಲ್ಲದ ಕಾಲದ ವೆಂಕಟಸುಬ್ಬಯ್ಯನಿಗೆ ಆ ಅವಕಾಶವಿಲ್ಲ. ಅವನ ಹಟಕ್ಕೆ ಐತಿಹ್ಯದ ಸಾಕ್ಷ್ಯವಿದೆ, ಅವನ ಭೈರವಿಯನ್ನು ಮಾತ್ರ ಇಂದಿನ ಕೇಳುಗ ಬಾಲಮುರಳಿಕೃಷ್ಣ ಅವರ ಕಂಠದ ಮೂಲಕವೇ ಊಹಿಸಿಕೊಳ್ಳಬೇಕು.