ಅಧ್ಯಾಪಕನ ಎರಡನೆಯ ಉದ್ಯೋಗ

ಹಗಲು ಕಚೇರಿಯಲ್ಲಿ ಗುಮಾಸ್ತಿಕೆ, ಸಂಜೆ ಅಂಗಡಿಯೊಂದರ ಲೆಕ್ಕ ಬರೆಯುವುದು. ಬೆಳಗಿನ ಪಾಳಿ ಒಂದು ಹೋಟೆಲಿನಲ್ಲಿ, ರಾತ್ರಿಯ ಪಾಳಿ ಮತ್ತೊಂದರಲ್ಲಿ. ಇಂತಹ ಇಮ್ಮಡಿ ದುಡಿಮೆ ಮುಂಬಯಿಯ ಕನ್ನಡಿಗರಿಗೆ ಹೊಸತಲ್ಲ. ಆದರೆ ಕಾಲೇಜಿನ ಉಪನ್ಯಾಸಕನೊಬ್ಬನು ಎರಡನೆಯ ಉದ್ಯೋಗ ಹಿಡಿದನೆಂದರೆ ನಾವು ಹುಬ್ಬೇರಿಸುತ್ತೇವೆ. ನಮ್ಮ ಮಕ್ಕಳ ವಿದ್ಯೆ ಅವನ ಕೈಯಲ್ಲಿರುವುದರಿಂದ ಈ ಶಂಕೆ ಸಹಜವೇ. ಆದರೂ ತೀರ್ಪು ಕೊಡುವ ಮೊದಲು, ಅವನು ಏತಕ್ಕಾಗಿ ಹೊರಗೆ ದುಡಿಯುತ್ತಾನೆ ಎಂಬುದನ್ನು ವಿಚಾರಿಸುವುದು ನ್ಯಾಯ.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ೨೦೧೮ರ ನಿಯಮಗಳಂತೆ, ಪೂರ್ಣಾವಧಿಯ ಅಧ್ಯಾಪಕನ ಕೆಲಸ ವಾರಕ್ಕೆ ೪೦ ಗಂಟೆ. ಇದರಲ್ಲಿ ಸಹಾಯಕ ಪ್ರಾಧ್ಯಾಪಕನು ತರಗತಿಯಲ್ಲಿ ಪಾಠ ಹೇಳಬೇಕಾದುದು ೧೬ ಗಂಟೆ. ಮಿಕ್ಕ ವೇಳೆ ಬಿಡುವಲ್ಲ; ಅದು ಪಾಠದ ಸಿದ್ಧತೆಗೆ, ಸಂಶೋಧನೆಗೆ, ಪರೀಕ್ಷಾ ಕಾರ್ಯಗಳಿಗೆ ಸಲ್ಲತಕ್ಕದ್ದು. ಕರ್ತವ್ಯಕ್ಕೆ ಬಾಧಕವಾಗುವ ಬೇರೆ ಉದ್ಯೋಗವನ್ನಾಗಲಿ, ಖಾಸಗಿ ಟ್ಯೂಶನ್ ಅಥವಾ ಕೋಚಿಂಗ್ ತರಗತಿಗಳನ್ನಾಗಲಿ ಕೈಗೊಳ್ಳಬಾರದೆಂದು ಅದೇ ನಿಯಮಗಳ ನೀತಿಸಂಹಿತೆ ಹೇಳುತ್ತದೆ. ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ ಆರಂಭದ ಮೂಲವೇತನವೇ ತಿಂಗಳಿಗೆ ೫೭,೭೦೦ ರೂಪಾಯಿ. ಇಷ್ಟು ಪಡೆದೂ ತರಗತಿಯಲ್ಲಿ ಅರೆಮನಸ್ಸಿನಿಂದ ಪಾಠ ಹೇಳಿ, ಅದೇ ವಿದ್ಯಾರ್ಥಿಗಳನ್ನು ತನ್ನ ಕೋಚಿಂಗ್ ತರಗತಿಗೆ ಕರೆದುಕೊಳ್ಳುವವನ ಪರವಾಗಿ ವಾದಿಸಲು ಏನೂ ಇಲ್ಲ.

ಹೊರಗಿನ ಕೆಲಸವೆಲ್ಲ ಕೇಡೆಂದೂ ಹೇಳಲಾಗದು. ಡಾ. ಅಂಬೇಡ್ಕರರು ಇದೇ ಮುಂಬಯಿಯಲ್ಲಿ ವಕೀಲಿ ನಡೆಸುತ್ತಲೇ, ೧೯೨೫ರಿಂದ ೧೯೨೮ರವರೆಗೆ ಬಾಟ್ಲಿಬಾಯ್ ಲೆಕ್ಕಶಾಸ್ತ್ರ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನು ಬೋಧಿಸಿದರು. ಅನಂತರ ಸರಕಾರಿ ಕಾನೂನು ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ನ್ಯಾಯಾಲಯದ ಅನುಭವವುಳ್ಳವನು ಕಾನೂನು ಕಲಿಸಿದರೆ ವಿದ್ಯಾರ್ಥಿಗೆ ಲಾಭವೇ ಹೊರತು ನಷ್ಟವಿಲ್ಲ.

ಇವರಿಬ್ಬರಿಗೂ ಸೇರದ ಮೂರನೆಯ ವರ್ಗವೊಂದಿದೆ. ನಿಜವಾದ ಸಂಕಟ ಅಲ್ಲಿಯದು. ಮಹಾರಾಷ್ಟ್ರದಲ್ಲಿ ‘ತಾಸಿಕಾ ತತ್ತ್ವ’ದ ಮೇಲೆ ನೇಮಕಗೊಂಡವರಿಗೆ ಪಾಠ ಹೇಳಿದ ತಾಸಿಗಷ್ಟೇ ಹಣ, ಬೇಸಿಗೆಯ ರಜೆಗೆ ಏನೂ ಇಲ್ಲ. ಬೆಳಗ್ಗೆ ಅಂಧೇರಿಯಲ್ಲಿ ಎರಡು ತಾಸು ಮುಗಿಸಿ, ಮಧ್ಯಾಹ್ನ ಮಲಾಡಿಗೋ ಬೊರಿವಲಿಗೋ ಲೋಕಲ್ ಹಿಡಿಯುವ ಉಪನ್ಯಾಸಕನಿಗೆ ಎರಡನೆಯ ಕಾಲೇಜು ದುರಾಸೆಯಲ್ಲ, ಮನೆಯ ಬಾಡಿಗೆ. ಕರ್ನಾಟಕದ ಸರಕಾರಿ ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರು ತಿಂಗಳಿಗೆ ೧೧,೦೦೦ದಿಂದ ೧೩,೦೦೦ ರೂಪಾಯಿಯಲ್ಲಿ ಕಾಲ ಕಳೆಯುತ್ತಿದ್ದರು. ಅವರ ಮುಷ್ಕರದ ಬಳಿಕ ೨೦೨೨ರ ಜನವರಿಯಲ್ಲಿ ಅದು ೨೬,೦೦೦ದಿಂದ ೩೨,೦೦೦ಕ್ಕೆ ಏರಿತು. ಆದರೆ ವಾರದ ಕೆಲಸವನ್ನು ೧೫ ಗಂಟೆಗೆ ಹೆಚ್ಚಿಸಿದುದರಿಂದ ಅನೇಕರಿಗೆ ಸ್ಥಾನವೇ ಇಲ್ಲವಾಯಿತು. ಗುಜರಾತಿನಲ್ಲಿ ೩೦,೦೦೦ ರೂಪಾಯಿಗೆ ದುಡಿಯುತ್ತಿದ್ದ ಗುತ್ತಿಗೆಯ ಸಹಾಯಕ ಪ್ರಾಧ್ಯಾಪಕರಿಗೆ ಶ್ರೇಣಿಯ ಕನಿಷ್ಠ ವೇತನವನ್ನಾದರೂ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೨೫ರ ಆಗಸ್ಟಿನಲ್ಲಿ ಆದೇಶಿಸಿತು.

ಬರಿಯ ನಿಷೇಧದಿಂದ ಏನಾಗುವುದೆಂಬುದಕ್ಕೆ ರಾತ್ರಿಶಾಲೆಗಳ ಕಡೆ ನೋಡಬಹುದು. ಹಗಲು ಒಂದು ಶಾಲೆಯಲ್ಲಿ ಕಲಿಸಿ ರಾತ್ರಿ ಇನ್ನೊಂದರಲ್ಲಿ ಕಲಿಸುತ್ತಿದ್ದ ಶಿಕ್ಷಕರನ್ನು ಮಹಾರಾಷ್ಟ್ರ ಸರಕಾರ ೨೦೧೭ರ ಮೇ ತಿಂಗಳ ನಿರ್ಣಯದಿಂದ ರಾತ್ರಿಶಾಲೆಗಳಿಂದ ಬಿಡಿಸಿತು. ದಣಿದವನು ಚೆನ್ನಾಗಿ ಕಲಿಸಲಾರನೆಂಬ ವಾದದಲ್ಲಿ ತಥ್ಯವಿದೆ. ಆದರೆ ಪಾತ್ರೆ ತೊಳೆದು, ಮೇಜು ಒರೆಸಿ ರಾತ್ರಿ ಪುಸ್ತಕ ಹಿಡಿಯುವ ಹುಡುಗನು ತನ್ನ ಪರಿಚಿತ ಗುರುವನ್ನು ಕಳೆದುಕೊಳ್ಳುವ ನಷ್ಟವನ್ನು ಯಾವ ಲೆಕ್ಕದಲ್ಲಿ ಬರೆಯಬೇಕು? ಅಂತಹ ಶಾಲೆಗಳಲ್ಲಿ ಓದಿ ಗುಮಾಸ್ತರಾದವರು ನಮ್ಮಲ್ಲಿ ವಿರಳವಲ್ಲ.

ಆದುದರಿಂದ ಆಡಳಿತದವರು ಎರಡು ಬಗೆಯ ಅಳತೆ ಇಟ್ಟುಕೊಳ್ಳುವುದು ಯುಕ್ತ. ಪೂರ್ಣ ವೇತನ ಪಡೆಯುವವನು ಹೊರಗಿನ ಕೆಲಸವನ್ನು ಬರಹದಲ್ಲಿ ತಿಳಿಸಿ ಅನುಮತಿ ಪಡೆಯಲಿ. ಅದರ ಗಂಟೆಗಳಿಗೆ ಮಿತಿಯಿರಲಿ. ತನ್ನ ವಿದ್ಯಾರ್ಥಿಗಳಿಂದಲೇ ಟ್ಯೂಶನ್ ಹಣ ಪಡೆಯುವುದು ಸಂಪೂರ್ಣ ನಿಲ್ಲಲಿ. ತಾಸಿನ ಲೆಕ್ಕದವನಿಗಾದರೋ, ಎರಡನೆಯ ಉದ್ಯೋಗ ಬೇಡವೆನ್ನುವ ಮೊದಲು ಮೊದಲನೆಯದರಲ್ಲಿ ಬದುಕುವಷ್ಟು ಸಂಬಳ ಕೊಡಲಿ, ಖಾಲಿಯಿರುವ ಸ್ಥಾನಗಳನ್ನು ತುಂಬಲಿ. ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಶುಲ್ಕವೆಷ್ಟೆಂದು ಕೇಳುವ ನಾವು, ಅಲ್ಲಿ ಕಾಯಂ ಅಧ್ಯಾಪಕರು ಎಷ್ಟು ಮಂದಿ ಎಂದೂ ಕೇಳತಕ್ಕದ್ದು.